ಮುಟ್ಟದ ಬೆಲ್ಲ ನೀರು

ಕಳಂಬೋಲಿ
3 ಮಾರ್ಚ್ 2025

ಜಯಾ,

ಕ್ಷೇಮ ಎಂದು ಬರೆಯುವ ಮನಸ್ಸಿಲ್ಲ. ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ನನ್ನ ಕಿವಿಯ ಕಥೆ ನಿನಗೆ ಗೊತ್ತು. ಮೆಷಿನ್ ಹಾಕಿಕೊಂಡರೆ ಫೋನಿನಲ್ಲಿ ಸೀಟಿ ಹೊಡೆದ ಹಾಗೆ ಕೇಳುತ್ತದೆ, ತೆಗೆದರೆ ಏನೂ ಕೇಳುವುದಿಲ್ಲ. ಮನೀಷನ ಕೈಯಲ್ಲಿ ಮೆಸೇಜು ಮಾಡಿಸಬಹುದಿತ್ತು. ಆದರೆ ಅತ್ತಿಗೆ ನಾದಿನಿಯರ ಮಾತು ಮಗನ ಫೋನಿನಲ್ಲಿ ಯಾಕೆ ಇರಬೇಕು? ಅವನಿಗೆ ಕನ್ನಡ ಓದಲು ಬಾರದಿರುವುದು ಈ ಒಂದು ವಿಷಯಕ್ಕೆ ಒಳ್ಳೆಯದೇ ಆಯಿತು.

ನಿನ್ನ ಅಣ್ಣನ ಬೊಜ್ಜದ ದಿನ ಹಾಲ್‌ನಲ್ಲಿ ಉತ್ತರಕ್ರಿಯೆಯ ಊಟ ಮುಗಿಸಿ ಎಲ್ಲರೂ ನಮ್ಮ ಮನೆಗೆ ಬಂದಿರಿ. ಅಷ್ಟು ದಿನ ಸೂತಕದಲ್ಲಿದ್ದ ಮನೆ. ಸೂತಕ ಕಳೆದ ಮೇಲೆ ಆ ಬಾಗಿಲಿನಿಂದ ಮೊದಲು ಒಳಗೆ ಬಂದವಳು ನೀನು, ಅವರ ಒಡಹುಟ್ಟಿದ ತಂಗಿ. ನನಗೆ ಎದ್ದು ನಿಲ್ಲುವ ತ್ರಾಣ ಇರಲಿಲ್ಲ. ಆದರೂ ನಾನೇ ಒಳಗೆ ಹೋಗಿ ಬೆಲ್ಲದ ತುಂಡು, ಅವರು ಕುಡಿಯುತ್ತಿದ್ದ ದೊಡ್ಡ ಲೋಟದಲ್ಲಿ ನೀರು ತಂದು ನಿನ್ನ ಮುಂದೆ ಇಟ್ಟೆ. ನೀನು ಅದನ್ನು ನೋಡಿದೆ. ಆಮೇಲೆ ಗೋಡೆ ನೋಡಿದೆ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕುಳಿತಿದ್ದೆ, ನಮ್ಮ ಮನೆಯದ್ದು ಏನಾದರೂ ತಾಗಿದರೆ ಮೈಲಿಗೆ ಆಗುತ್ತದೆ ಎನ್ನುವ ಹಾಗೆ. ಹಾಲ್‌ನಲ್ಲಿಯೂ ಸಾರು ಬೇಡ ಎಂದೆ, ಪಾಯಸ ಬೇಡ ಎಂದೆ. ಎರಡು ತುತ್ತು ಅನ್ನ ತಿಂದು ಎಲೆ ಮಡಚಿದೆ.

ಪಕ್ಕದ ಮನೆಯ ಊರ್ಮಿಳಾ ನೀನು ಹೋದ ಮೇಲೆ ಕೇಳಿದಳು, "ವಹಿನೀ, ನಣಂದ ರುಸಲೀ ಕಾ?" ನಾದಿನಿ ಮುನಿಸಿಕೊಂಡಳಾ ಅಂತ. ಬೇರೆಯವರ ಕಣ್ಣಿಗೂ ಕಂಡಿತು ನೋಡು.

ನೀರು ಮುಟ್ಟದೆ ಹೋಗುವುದು ಅಂದರೆ ಏನರ್ಥ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ನಿನ್ನ ಅಣ್ಣನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ನಿನ್ನ ಮನಸ್ಸಿನಲ್ಲಿದೆ. ಅದೇ ಅಲ್ಲವಾ? ಹಾಗಿದ್ದರೆ ಕೇಳು. ಎರಡು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋದವಳು ನಾನು. ಅವರು ಯಾವುದಕ್ಕೂ ಆಸೆಪಟ್ಟು ಕೊರಗುವ ಹಾಗೆ ನಾನು ಬಿಡಲಿಲ್ಲ. ಚಹಾ ಕೇಳಿದರೆ ಚಹಾ ಕೊಟ್ಟೆ. ಲೋಖಂಡ ಬಜಾರಿನ ಎದುರು ಮೂವತ್ತು ವರ್ಷ ಹೋಟೆಲು ನಡೆಸಿ ಸಾವಿರ ಜನರಿಗೆ ಚಹಾ ಕೊಟ್ಟ ಮನುಷ್ಯ, ಅವರಿಗೆ ಒಂದು ಗುಟುಕಿಗೆ ಇಲ್ಲ ಎನ್ನಲಿಕ್ಕೆ ನನಗೆ ಬಾಯಿ ಬರುತ್ತದಾ? ಕೊನೆಯ ದಿನ ಸಂಜೆ ಕೂಡ ಬೊಂಡ ಬೇಕು ಎಂದರು. ನಾನೇ ಕೆಳಗೆ ಹೋಗಿ, ಒಳ್ಳೆಯ ಎಳನೀರು ನೋಡಿ ತಂದು, ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಬಾಯಾರಿಕೊಂಡು ಹೋಗಲಿಲ್ಲ ನಿನ್ನ ಅಣ್ಣ. ಬೊಜ್ಜದ ದಿನ ಎಲ್ಲರೆದುರು ಇದನ್ನೇ ಹೇಳಿದೆ, ನೀನೂ ಕೇಳಿಸಿಕೊಂಡಿದ್ದೀ. ನನಗೆ ಉಳಿದಿರುವ ಸಮಾಧಾನ ಇದೊಂದೇ. ಅದಕ್ಕೂ ನೀನು ಮುಖ ತಿರುಗಿಸಿ ಹೋದೆ.

ಉತ್ತರ ಬರೆಯುವುದಾದರೆ ಬರೆ.

ರತ್ನಾವತಿ


ಡೊಂಬಿವಲಿ
11 ಮಾರ್ಚ್ 2025

ಪ್ರೀತಿಯ ಅತ್ತಿಗೆಗೆ ಜಯ ಮಾಡುವ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅಣ್ಣನನ್ನು ನೀವು ನೋಡಿಕೊಂಡ ಹಾಗೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನೀರಿನ ವಿಷಯ ಅಲ್ಲಿಯೇ ಹೇಳಬೇಕಿತ್ತು. ನನಗೊಂದು ವ್ರತ ಉಂಟು. ಅಣ್ಣನ ಹೆಸರಿನಲ್ಲಿ, ವರ್ಷಾಂತಿಕ ಕಳೆಯುವ ತನಕ ಬೇರೆ ಮನೆಯಲ್ಲಿ ನೀರು ಮುಟ್ಟುವುದಿಲ್ಲ, ಸಾರು ಪಾಯಸ ಮುಟ್ಟುವುದಿಲ್ಲ ಎಂದು ಹೇಳಿಕೊಂಡಿದ್ದೇನೆ. ಬಂದವರೆದುರು ವ್ರತದ ಮಾತು ತೆಗೆದರೆ ದೊಡ್ಡಸ್ತಿಕೆ ಆಗುತ್ತದೆ ಎಂದು ಸುಮ್ಮನಿದ್ದೆ. ತಪ್ಪಾಯಿತು. ಕೈಗೆ ಸ್ವಲ್ಪ ಏಟಾಗಿತ್ತು, ಅದಕ್ಕೆ ಸೆರಗು ಹೊದ್ದದ್ದು.

ಇಲ್ಲಿ ಬಿಸಿಲು ಶುರುವಾಗಿದೆ. ಅನುಷ್ಕಾ ಬೆಳಿಗ್ಗೆ ಮಹಾಪೆಯ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಬರುವ ತನಕ ನಾನು ಒಬ್ಬಳೇ. ಅಣ್ಣ ಇದ್ದಾಗ ಮಧ್ಯಾಹ್ನ ಒಂದು ಫೋನು ಬರುತ್ತಿತ್ತು. "ಎಂತ ಮಾರಾಯ್ತಿ, ಊಟ ಆಯ್ತಾ?" ಅಷ್ಟೇ ಕೇಳಿ ಇಡುತ್ತಿದ್ದ. ಈಗಲೂ ಆ ಹೊತ್ತಿಗೆ ಕೈ ಫೋನಿನ ಕಡೆ ಹೋಗುತ್ತದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಜಯಲತಾ


ಕಳಂಬೋಲಿ
27 ಮಾರ್ಚ್ 2025

ಜಯಾ,

ಹಾಗಾದರೆ ಅದು ವ್ರತ! ಒಂದು ಮಾತು ಕಿವಿಯಲ್ಲಿ ಕಿರುಚಿದ್ದರೆ ಸಾಕಿತ್ತಲ್ಲ. ನಾನು ಎಷ್ಟು ಉರಿದುಕೊಂಡೆ, ನಿನಗೆ ಎಷ್ಟು ಶಾಪ ಹಾಕಿದೆ ಎಂದು ಬರೆದರೆ ಈ ಕಾಗದ ಸುಟ್ಟುಹೋಗುತ್ತದೆ. ನಿನ್ನ ಅಣ್ಣ ಹೇಳುತ್ತಿದ್ದದ್ದು ಸರಿ: "ನನ್ನ ತಂಗಿಯ ಬಾಯಿಂದ ಮಾತು ಬರ್ಬೇಕಾದ್ರೆ ಜೆಸಿಬಿ ತರ್ಸ್ಬೇಕು."

ಅವರ ಹೆಸರಿನಲ್ಲಿ ನೀನು ವ್ರತ ಹಿಡಿದದ್ದು ಕೇಳಿ ನನಗೆ ಅಳು ಬಂತು. ಹೆಂಡತಿಯಾಗಿ ನಾನು ಏನೂ ಹಿಡಿಯಲಿಲ್ಲ. ಆದರೆ ಈ ಬಿಸಿಲಿನಲ್ಲಿ ನೀನು ಲೋಕಲ್ ಟ್ರೈನಿನಲ್ಲಿ ಓಡಾಡುವವಳು, ನೀರಿಲ್ಲದೆ ಬಿದ್ದುಬಿಟ್ಟರೆ? ಯೋಚನೆ ಮಾಡಿದೆ. ಬೊಂಡಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲ. ಏಕಾದಶಿಗೇ ನಡೆಯುತ್ತದೆ, ನಿನ್ನ ವ್ರತಕ್ಕೆ ನಡೆಯುವುದಿಲ್ಲವಾ? ವಾಶಿ ಮಾರ್ಕೆಟ್‌ನಿಂದ ಡೊಂಬಿವಲಿಗೆ ಹೋಗುವ ತರಕಾರಿ ಟೆಂಪೊದವನು ನಮ್ಮ ಹೋಟೆಲಿನ ಹಳೆಯ ಗಿರಾಕಿ. ಅವನ ಕೈಯಲ್ಲಿ ಒಂದು ಮೂಟೆ ಬೊಂಡ ಕಳುಹಿಸುತ್ತೇನೆ. ಮನೆಯಿಂದ ಹೊರಡುವ ಮೊದಲು ದಿನಕ್ಕೊಂದು ಕುಡಿ. ಸಂಕೋಚ ಮಾಡಬೇಡ. ನಿನ್ನ ಅಣ್ಣನಿಗೆ ಕೊಟ್ಟ ಹಾಗೆ ಅಂದುಕೊಳ್ಳುತ್ತೇನೆ.

ಕುಡಿದೆ ಎಂದು ಒಂದು ಗೆರೆ ಬರೆ. ನನಗೆ ಅಷ್ಟು ಸಾಕು.

ರತ್ನಾವತಿ


ಡೊಂಬಿವಲಿ
6 ಏಪ್ರಿಲ್ 2025

ಅತ್ತಿಗೆ,

ಇದನ್ನು ಕಳುಹಿಸುವುದಿಲ್ಲ ಎಂದು ಮೊದಲೇ ಬರೆದುಬಿಡುತ್ತೇನೆ. ಆಗ ಕೈ ಸಡಿಲವಾಗುತ್ತದೆ.

ಮೂಟೆ ಬಂತು. ಅಡುಗೆ ಮನೆಯ ಮೂಲೆಯಲ್ಲಿ ಇಟ್ಟಿದ್ದೇನೆ. ಹಸಿ ಸಿಪ್ಪೆಯ ವಾಸನೆ ಇಡೀ ಮನೆಯಲ್ಲಿ ತುಂಬಿದೆ. ನಾನು ಕುಡಿಯುವ ಹಾಗಿಲ್ಲ. ಅಣ್ಣನಿಗೆ ಬಂದದ್ದೇ ನನಗೂ ಬಂದಿದೆ. ಹೋದ ವರ್ಷ ಚೌತಿಯ ನಂತರ ಕಾಲು ಊದಿಕೊಂಡಿತು, ಪರೀಕ್ಷೆ ಮಾಡಿದರು, ಎರಡೂ ಕಿಡ್ನಿ ಹೋಗಿದೆ ಎಂದರು. ಆಗಿನಿಂದ ಕಲ್ಯಾಣದ ಒಂದು ಟ್ರಸ್ಟಿನ ಸೆಂಟರಿಗೆ ವಾರಕ್ಕೆ ಮೂರು ಸಲ ಹೋಗುತ್ತೇನೆ. ಸೆರಗಿನೊಳಗೆ ಇದ್ದ ಕೈ ಅದೇ, ಸೂಜಿ ಚುಚ್ಚಿ ಉಬ್ಬಿದ ಕೈ. ನೀವು ನೋಡಿದರೆ ಆ ಕ್ಷಣಕ್ಕೇ ಗುರುತು ಹಿಡಿಯುತ್ತಿದ್ದಿರಿ. ಎರಡು ವರ್ಷ ಅಂತಹದೇ ಕೈ ನಿಮ್ಮ ತೊಡೆಯ ಮೇಲೆ ಇತ್ತಲ್ಲ. ಅಣ್ಣ ಬದುಕಿದ್ದಾಗ ಅವನಿಗೆ ತಿಳಿಯಬಾರದು ಎಂದು ಮುಚ್ಚಿಟ್ಟೆ. ಅವನು ಹೋದ ಮೇಲೆ ನಿಮಗೆ ತಿಳಿಯಬಾರದು ಎಂದು ಮುಚ್ಚಿಡುತ್ತಿದ್ದೇನೆ.

ಯಾಕೆ ಎಂದರೆ, ಸೆಂಟರಿನಲ್ಲಿ ಮೊದಲ ದಿನವೇ ಹೇಳಿದ ಮಾತು: ನೀರು ಅಳತೆಯಲ್ಲಿ, ಬೆಲ್ಲ ಬೇಡ, ಎಳನೀರು ಮಾತ್ರ ಸರ್ವಥಾ ಬೇಡ. ಅದರಲ್ಲಿರುವ ಒಂದು ಅಂಶವನ್ನು ಕಿಡ್ನಿ ಹೊರಗೆ ಹಾಕಬೇಕು. ಕಿಡ್ನಿ ಇಲ್ಲದವರಲ್ಲಿ ಅದು ರಕ್ತದಲ್ಲೇ ನಿಂತು ಹೃದಯವನ್ನು ನಿಲ್ಲಿಸುತ್ತದೆಯಂತೆ. ಬೊಜ್ಜದ ದಿನ ನೀವು ಎಲ್ಲರೆದುರು ಬೊಂಡದ ಮಾತು ಹೇಳಿದಾಗ ನಾನು ಗೋಡೆ ನೋಡಿದ್ದು ಅದಕ್ಕೆ. ನಿಮ್ಮ ಮುಖ ನೋಡಿದ್ದರೆ ನನ್ನ ಮುಖ ನಿಮಗೆ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಇವತ್ತು ಮಧ್ಯಾಹ್ನ ಒಂದು ಬೊಂಡ ಹಿಡಿದು ಕೆಳಗೆ ಹೋದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ವಾಚ್‌ಮನ್ ಹಣಮಂತ್ರಾಯ ಕಲಬುರಗಿ ಕಡೆಯವನು, ಅವನ ಹತ್ತಿರ ಕೊಡಲಿ ಉಂಟು. ಮೂರೇಟಿಗೆ ಕೆತ್ತಿ, ಕೈಗೆ ಕೊಟ್ಟ. ಮೇಲೆ ತುಳುಕಿದ ನೀರು ಬೆರಳಿಗೆ ತಾಗಿತು. ಒಂದು ಗುಟುಕಿಗೆ ಏನಾಗುತ್ತದೆ ಎಂದುಕೊಂಡೆ. ಯಾರು ನೋಡುತ್ತಾರೆ ಎಂದುಕೊಂಡೆ. ಬಾಯಿಯ ಹತ್ತಿರಕ್ಕೂ ತಂದೆ. ಆಗ ಅಣ್ಣನೂ ಹೀಗೆಯೇ ಅಂದುಕೊಂಡಿರಬೇಕು ಎಂದು ಹೊಳೆಯಿತು. ಹಣಮಂತ್ರಾಯನ ಕೈಗೆ ವಾಪಸ್ಸು ಕೊಟ್ಟೆ.

"ಯಾಕ್ರೀ ಅಕ್ಕಾರ? ಹುಳಾ ಐತೇನು?"

"ಇಲ್ಲ. ನೀವೇ ಕುಡೀರಿ."

"ನನಗ ಇಷ್ಟ್ ಮರ್ಯಾದಿ ಯಾಕ್ರೀ, ನೀವ್ ಕುಡೀರಿ."

"ಮೇಲೆ ಒಂದು ಮೂಟೆ ಇದೆ. ಎಲ್ಲಾ ತಗೊಂಡು ಹೋಗಿ."

ಅವನು ತಲೆಯೆತ್ತಿ ಒಂದೇ ಉಸಿರಿನಲ್ಲಿ ಕುಡಿದ. ನಾನು ಅವನ ಗಂಟಲು ಏರಿ ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ನಾಚಿಕೆಯಾಗುವಷ್ಟು ಹೊತ್ತು ನೋಡಿದೆ.

ಸೆಂಟರಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು ಸಾಬವ್ವ. ವಿಜಯಪುರದವಳು, ಗಂಡ ಕಟ್ಟಡ ಕೆಲಸದವನು. ಅವಳು ಹೇಳುತ್ತಾಳೆ, "ಯಕ್ಕಾ, ನೀರಡಿಕಿ ಅನ್ನೂದು ಸಣ್ಣ ಕೂಸು ಇದ್ದಂಗ. ಅತ್ತಾಗೊಮ್ಮೆ ಎತ್ಕೊಂಡ್ರ ಮತ್ತ ಕೆಳಗ ಇಳಿಯೂದಿಲ್ಲ. ಒಂದೀಟು ಅಳ್ಲಿ ಬಿಡ್ರಿ. ಅತ್ತು ಅತ್ತು ತಾನ ಮಲಗತದ." ನನ್ನ ಕೂಸು ಇವತ್ತು ತುಂಬಾ ಅತ್ತಿತು. ಬಾಯಿಯಲ್ಲಿ ಒಂದು ಲವಂಗ ಇಟ್ಟುಕೊಂಡು ಕುಳಿತಿದ್ದೇನೆ. ಈಗ ಸ್ವಲ್ಪ ಮಲಗಿದೆ.


ಡೊಂಬಿವಲಿ
7 ಏಪ್ರಿಲ್ 2025

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಬೊಂಡ ತಲುಪಿತು. ತುಂಬಾ ಚೆನ್ನಾಗಿತ್ತು. ಇನ್ನು ಮುಂದೆ ಕಳುಹಿಸಬೇಡಿ, ನಿಮಗೆ ತೊಂದರೆ. ಕುಡಿದೆ.

ಜಯಲತಾ


ಕಳಂಬೋಲಿ
29 ಏಪ್ರಿಲ್ 2025

ಜಯಾ,

ನಿನ್ನ ಕಾಗದ ಬಸ್ಸಿನ ಟಿಕೆಟಿನಷ್ಟು ಇತ್ತು. ಆದರೂ "ಕುಡಿದೆ" ಎಂಬ ಮಾತಿತ್ತಲ್ಲ, ಅದನ್ನು ಅವರ ಫೋಟೋದ ಎದುರು ಗಟ್ಟಿಯಾಗಿ ಓದಿದೆ. ನನಗೆ ಕೇಳಿಸುವಷ್ಟು ಗಟ್ಟಿ ಅಂದರೆ ಊರ್ಮಿಳಾಗೂ ಕೇಳಿಸಿತು. ಬಾಗಿಲು ತಟ್ಟಿ, ಯಾರಿಗೆ ಬೈಯುತ್ತಿದ್ದೀರಿ ಎಂದು ಕೇಳಿದಳು.

ಹೋಟೆಲು ಈಗ ಮನೀಷನೇ ನೋಡುತ್ತಾನೆ. ಹಮಾಲರು ಬೆಳಿಗ್ಗೆಯೇ ಬಂದು ಗಲ್ಲಾಪೆಟ್ಟಿಗೆಯ ಮೇಲಿನ ಅವರ ಫೋಟೋಗೆ ಕೈ ಮುಗಿದು, ಆಮೇಲೆ ವಡಾ ಪಾವ್ ಕೇಳುತ್ತಾರಂತೆ. ಒಂದು ಚಿಂತೆ ಉಂಟು. ಹುಡುಗನಿಗೆ ಯಾವಾಗಲೂ ತಲೆನೋವು. ಸೊಂಟದ ಎರಡೂ ಬದಿ ನೋವು ಎನ್ನುತ್ತಾನೆ. ಮೆಡಿಕಲ್‌ನವನು ಬಿ.ಪಿ. ನೋಡಿ, ಈ ವಯಸ್ಸಿಗೆ ಇಷ್ಟು ಇರಬಾರದು ಎಂದನಂತೆ. ಮನೀಷನನ್ನು ಕೇಳಿದರೆ "ಆಯೀ, ಟೆನ್ಶನ್ ಹೈ ಬಸ್" ಎನ್ನುತ್ತಾನೆ. ಅಪ್ಪ ಹೋದ ದುಃಖ, ಮೈಯಲ್ಲಿ ಉಷ್ಣ. ಅದಕ್ಕೆ ದಿನಾ ಬೆಳಿಗ್ಗೆ ಅವನಿಗೂ ಬೊಂಡ ಕೊಡಲು ಶುರು ಮಾಡಿದ್ದೇನೆ. ಮೈ ತಂಪಾದರೆ ಎಲ್ಲಾ ಸರಿಹೋಗುತ್ತದೆ.

ನಿನ್ನ ವ್ರತ ಹೇಗೆ ನಡೆಯುತ್ತಿದೆ?

ರತ್ನಾವತಿ


ಡೊಂಬಿವಲಿ
6 ಮೇ 2025

ಅತ್ತಿಗೆ,

ಈ ಕಾಗದವನ್ನು ಕುಳಿತು ಓದಿ. ಮನೀಷ ಮನೆಯಲ್ಲಿ ಇರುವಾಗ ಓದಿ.

ನನಗೆ ವ್ರತ ಇಲ್ಲ. ಅಣ್ಣನ ಕಾಯಿಲೆಯೇ ನನಗೂ ಇದೆ. ಎಂಟು ತಿಂಗಳಾಯಿತು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ನೀರು ಕುಡಿಯದಿದ್ದದ್ದು ಅದಕ್ಕೆ. ದಿನದ ನೀರು ಬೆಳಿಗ್ಗೆಯೇ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಡುತ್ತೇನೆ, ಮಾತ್ರೆಗೂ ಚಹಾಕ್ಕೂ ಅದರಲ್ಲೇ. ಅವತ್ತಿನದು ನಿಮ್ಮ ಮನೆ ಮುಟ್ಟುವ ಮೊದಲೇ ಮುಗಿದಿತ್ತು. ಬೊಂಡವನ್ನೂ ನಾನು ಕುಡಿಯಲಿಲ್ಲ, ಕಿಡ್ನಿ ಹೋದವರು ಅದನ್ನು ಕುಡಿಯಬಾರದಂತೆ. ಸುಳ್ಳು ಬರೆದೆ.

ಇದನ್ನು ಈಗ ಹೇಳುವುದು ಮನೀಷನ ಸಲುವಾಗಿ. ನಮ್ಮ ಸೆಂಟರಿಗೆ ಹೊಸ ಡಾಕ್ಟರು ಬಂದಿದ್ದಾರೆ. ನನ್ನ ರಿಪೋರ್ಟು ನೋಡುತ್ತಾ, ಮನೆಯಲ್ಲಿ ಬೇರೆ ಯಾರಿಗಿತ್ತು ಎಂದು ಕೇಳಿದರು. ಅಣ್ಣನ ಹೆಸರು ಹೇಳಿದೆ. ಅಪ್ಪ? ಅಪ್ಪನೂ ಮೈ ಊದಿಕೊಂಡು ಹೋದದ್ದು ನೆನಪಾಯಿತು. ಆಗ ಊರಿನಲ್ಲಿ ಯಾರೂ ಅದಕ್ಕೊಂದು ಹೆಸರು ಇಟ್ಟಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ಇದು ವಂಶದಲ್ಲಿ ಬರುವುದು, ಕಿಡ್ನಿಯಲ್ಲಿ ನೀರಿನ ಗುಳ್ಳೆ ತುಂಬುವುದು, ಮಕ್ಕಳಿಗೆ ಪರೀಕ್ಷೆ ಆಗಲೇಬೇಕು ಎಂದರು. ಅನುಷ್ಕಾಗೆ ಸೋನೋಗ್ರಫಿ ಮಾಡಿಸಿದೆ. ಅವಳಿಗೆ ಇಲ್ಲ. ಇಲ್ಲ ಎಂದು ಕೇಳಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತೆ, ಆಗ ಕಣ್ಣ ಮುಂದೆ ಬಂದದ್ದು ಮನೀಷನ ಮುಖ. ಆದರೂ ಅವತ್ತೇ ನಿಮಗೆ ಬರೆಯಲಿಲ್ಲ. ಅವನು ಗಟ್ಟಿಮುಟ್ಟಾಗಿದ್ದಾನೆ, ಇನ್ನೊಂದು ವಾರ ಹೋಗಲಿ ಎಂದು ತಳ್ಳುತ್ತಾ ಬಂದೆ. ನಿಮ್ಮ ಕಾಗದದಲ್ಲಿ ತಲೆನೋವು, ಸೊಂಟನೋವು, ಬಿ.ಪಿ. ಎಂದು ಓದಿದ ಮೇಲೆ ತಳ್ಳುವುದಕ್ಕಾಗಲಿಲ್ಲ. ದಯವಿಟ್ಟು ಅವನನ್ನು ಕರೆದುಕೊಂಡು ಹೋಗಿ. ಗೊತ್ತಾಗುವ ತನಕ ಬೊಂಡ ನಿಲ್ಲಿಸಿ.

ಅಣ್ಣನ ವಿಷಯ ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ ಅತ್ತಿಗೆ. ಅವನಿಗೆ ಹೃದಯವೂ ಚೆನ್ನಾಗಿರಲಿಲ್ಲ. ಯಾವುದರಿಂದ ಏನಾಯಿತು ಎಂದು ಯಾರೂ ಹೇಳಲಾರರು.

ನನ್ನ ಬಗ್ಗೆ ಮರುಕಪಡಬೇಡಿ. ಮೊದಲ ತಿಂಗಳು ನನಗೂ ಇದು ಶಿಕ್ಷೆ ಎನಿಸಿತ್ತು. ಅನುಷ್ಕಾ ಬಾಟಲಿ ಎತ್ತಿ ನೋಡಿ "ಮಮ್ಮೀ, ಆಜ್ ಕಾ ಕೋಟಾ ಖತಮ್", ಇವತ್ತಿನ ಪಾಲು ಮುಗಿಯಿತು, ಎಂದರೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಕದ್ದು ನೀರು ಕುಡಿದು, ಸೆಂಟರಿನ ತೂಕದ ಮೆಷಿನ್ ಮೇಲೆ ಸಿಕ್ಕಿಬಿದ್ದು, ಮೂರು ಗಂಟೆ ಹೊತ್ತು ಕಾಲಿನ ಸೆಳೆತದಲ್ಲಿ ಕೂಗಿದ್ದೂ ಉಂಟು. ಆಮೇಲೆ ಏನಾಯಿತೋ ಗೊತ್ತಿಲ್ಲ. ನೀವೇ ನೋಡಿದ್ದೀರಿ, ನಾನು ಮದುವೆಯಾಗಿ ಬಂದ ಮೇಲೆ ನನ್ನ ಹೊಟ್ಟೆಗೆ ಎಷ್ಟು ಬೇಕು ಎಂದು ಯೋಚಿಸಿದವಳೇ ಅಲ್ಲ. ಇವರು ಇರುವವರೆಗೆ ಇವರದ್ದಾದ ಮೇಲೆ, ಇವರು ಹೋದ ಮೇಲೆ ಅನುಷ್ಕಾಳದ್ದಾದ ಮೇಲೆ, ಉಳಿದದ್ದು ನನ್ನದು. ಹಳಸುವುದಕ್ಕೆ ಮೊದಲು ತಿಂದು ಮುಗಿಸುವುದೇ ನನ್ನ ಊಟ. ಈಗ ಬೆಳಿಗ್ಗೆ ಎದ್ದು ಆ ಬಾಟಲಿ ತುಂಬಿಸುವಾಗ ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಎನಿಸುತ್ತದೆ. ಬಾಯಾರಿದಾಗ ನನ್ನೊಳಗಿನಿಂದ ಬೇಡ ಎನ್ನುವವಳು ನನಗೆ ಶತ್ರು ಅಲ್ಲ. ನಾಳೆ ಬೆಳಿಗ್ಗೆ ನಾನು ಏಳಬೇಕು ಎನ್ನುವ ಆಸೆ ಇರುವವಳು ಅವಳೊಬ್ಬಳೇ.

ಇದನ್ನು ಅಣ್ಣನಿಗೆ ಹೇಳಬೇಕಿತ್ತು. ನನಗೆ ಅರ್ಥವಾಗುವ ಹೊತ್ತಿಗೆ ಅವನು ಇರಲಿಲ್ಲ.

ಮನೀಷನನ್ನು ಕರೆದುಕೊಂಡು ಹೋಗಿ.

ಜಯಲತಾ


ಡೊಂಬಿವಲಿ
30 ಮೇ 2025

ಅತ್ತಿಗೆ,

ನನ್ನ ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಮನೀಷನಿಗೆ ಫೋನು ಮಾಡಿದೆ. "ಆತ್ಯಾ, ಬಾದ್ ಮೇ ಬಾತ್ ಕರ್ತಾ ಹೂಂ" ಎಂದು ಇಟ್ಟುಬಿಟ್ಟ. ಆಮೇಲೆ ಮಾತಾಡುತ್ತೇನೆ ಎಂದವನು ಮಾಡಲೇ ಇಲ್ಲ. ಅವನ ದನಿಯಲ್ಲಿ ಏನೂ ಗೊತ್ತಾಗಲಿಲ್ಲ.

ನನ್ನೊಡನೆ ಮಾತು ಬೇಡವಾದರೆ ಬೇಡ. ಪರೀಕ್ಷೆ ಆಯಿತೋ ಇಲ್ಲವೋ ಅಷ್ಟು ಬರೆಯಿರಿ.

ಸೆಂಟರಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದ ಸಾಬವ್ವ ಈಗ ಬರುತ್ತಿಲ್ಲ. ಅವಳ ಹಾಸಿಗೆಗೆ ಬೇರೆಯವರು ಬಂದಿದ್ದಾರೆ. ಊರಿಗೆ ಹೋದಳು ಎನ್ನುತ್ತಾಳೆ ನರ್ಸು. ನಾನು ಹೆಚ್ಚು ಕೇಳಲಿಲ್ಲ.

ಜಯಲತಾ


ಕಳಂಬೋಲಿ
19 ಜೂನ್ 2025

ಜಯಾ,

ನಿನ್ನ ಎರಡೂ ಕಾಗದ ತಲುಪಿವೆ. ಮೊದಲನೆಯದನ್ನು ನೀನು ಹೇಳಿದ ಹಾಗೆ ಕುಳಿತು ಓದಿದೆ. ಕತ್ತಲಾಗುವ ತನಕ ಅಲ್ಲೇ ಕುಳಿತಿದ್ದೆ. ಮನೀಷ ಬಂದು ದೀಪ ಹಾಕಿ, "ಕಾಯ್ ಝಾಲಂ?" ಎಂದು ಕೇಳಿದ. ಏನಾಯಿತು ಎಂದು ನಾನು ಯಾವ ಭಾಷೆಯಲ್ಲಿ ಹೇಳಲಿ? ಆಸ್ಪತ್ರೆಗೆ ಹೋಗಬೇಕು ಎಂದೆ. ನನಗೆ ಹುಷಾರಿಲ್ಲ ಅಂದುಕೊಂಡು ಕೂಡಲೇ ಹೊರಟ. ಅಲ್ಲಿಗೆ ಹೋದ ಮೇಲೆ ಅವನನ್ನೇ ಮಲಗಿಸಿದೆ.

ಅವನಿಗೂ ಇದೆ. ಎರಡೂ ಕಡೆ ಗುಳ್ಳೆ. ಆದರೆ ಕೆಲಸ ಇನ್ನೂ ಚೆನ್ನಾಗಿ ಮಾಡುತ್ತಿದೆಯಂತೆ. ಬಿ.ಪಿ. ಮಾತ್ರೆ ತಪ್ಪಿಸದೆ ತೆಗೆದುಕೊಂಡು, ಉಪ್ಪು ಬಿಟ್ಟು, ಹಿಡಿತದಲ್ಲಿದ್ದರೆ ಎಷ್ಟೋ ವರ್ಷ ಹೀಗೆಯೇ ಇರಬಹುದಂತೆ. ಈಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಇನ್ನೊಂದು ವಿಚಿತ್ರ ಕೇಳು. ಅವನು ನೀರು ಚೆನ್ನಾಗಿ ಕುಡಿಯಬೇಕಂತೆ. ನಿನಗೆ ಬೇಡ ಎಂದದ್ದನ್ನು ಅವನಿಗೆ ಬೇಕು ಎನ್ನುತ್ತಾರೆ. ವಡಾ ಪಾವ್, ಫರ್ಸಾಣ, ಉಪ್ಪಿನಕಾಯಿ ಎಲ್ಲಾ ಬಂದ್. ಹೋಟೆಲಿನಲ್ಲಿ ನಿಂತುಕೊಂಡು ವಡೆ ಕರಿಯುವವನಿಗೆ ಈ ಶಿಕ್ಷೆ. ಮೊದಲ ವಾರ ನನ್ನ ಮೇಲೆ ರೇಗಿದ. "ಜೀನಾ ಹೀ ಕ್ಯಾ ಹೈ ಫಿರ್" ಎಂದ, ಇದೂ ಒಂದು ಬದುಕಾ ಅಂತ. ನಿನ್ನ ಬಾಟಲಿಯ ವಿಷಯ ನಾನು ಓದಿ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಸುಮ್ಮನೆ ಎದ್ದು ಹೋಗಿ ಮಾತ್ರೆ ನುಂಗಿದ. ನೀನು ಫೋನು ಮಾಡಿದಾಗ ಅವನು ಆಸ್ಪತ್ರೆಯಲ್ಲಿ ರಿಪೋರ್ಟು ಹಿಡಿದು ನಿಂತಿದ್ದ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಮನೀಷನನ್ನು ಹೊರಗೆ ಕಳುಹಿಸಿ ನಾನು ಡಾಕ್ಟರನ್ನು ಬೊಂಡದ ವಿಷಯ ಕೇಳಿದೆ. ನೀನು ಬರೆದಿದ್ದೆ, ಯಾರೂ ಹೇಳಲಾರರು ಎಂದು. ಡಾಕ್ಟರು ಕೂಡ ಏನೂ ಹೇಳಲಿಲ್ಲ. ನೀವು ಊಟ ಮಾಡಿದ್ದೀರಾ ಎಂದು ಕೇಳಿದರು. ನನಗೆ ಕಿವಿ ಕೇಳಿಸದಿರಬಹುದು ಜಯಾ, ಅದು ಕೇಳಿಸಿತು.

ನಿನ್ನ ಅಣ್ಣನ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ ಇತ್ತು. ಮನೀಷ ಒಮ್ಮೆ ಓದಿ, ನೀರು ಕಡಿಮೆ, ಉಪ್ಪು ಕಡಿಮೆ ಎಂದಿದ್ದ. ಅದನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಬೊಂಡ ನೀರು ಎಂದು ನನಗೆ ಯಾವತ್ತೂ ಅನಿಸಲೇ ಇಲ್ಲ. ನಮ್ಮಲ್ಲಿ ಜ್ವರ ಬಂದರೆ ಬೊಂಡ, ವಾಂತಿಯಾದರೆ ಬೊಂಡ, ಸಾಯುವವರ ಬಾಯಿಗೂ ಬೊಂಡ. ಅದು ಔಷಧಿ ಅಲ್ಲವಾ? ಅವತ್ತು ಒಂದು ಕುಡಿದು, "ಇನ್ನೊಂದು ಕೊಡ್ತೀಯಾ?" ಎಂದು ಕೇಳಿದರು. ಕೊಟ್ಟೆ. ಕುಡಿದು ನಕ್ಕರು. ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ. ಆ ನಗುವನ್ನು ಇಷ್ಟು ದಿನ ನಾನು ಒಡವೆಯ ಹಾಗೆ ಇಟ್ಟುಕೊಂಡಿದ್ದೆ. ಈಗ ಅದನ್ನು ಎಲ್ಲಿ ಇಡಲಿ ಹೇಳು.

ನಿನ್ನ ಮೇಲೆ ನನಗೆ ಸಿಟ್ಟು ಬಂತು. ಹೇಳಿದ್ದಕ್ಕೂ ಬಂತು, ಹೇಳದಿದ್ದದ್ದಕ್ಕೂ ಬಂತು. ಬೊಜ್ಜದ ದಿನ ನಾನು ಎಲ್ಲರೆದುರು ಹೆಮ್ಮೆಯಿಂದ ಹೇಳುತ್ತಿರುವಾಗ ನೀನು ಎಲ್ಲಾ ಗೊತ್ತಿದ್ದೂ ಒಣಗಿದ ತುಟಿ ಹೊತ್ತು ಕುಳಿತಿದ್ದೆ. ನಾನು ನೀರು ತಂದಿಟ್ಟೆ. ನೀನು ಗೋಡೆ ನೋಡಿದೆ. ನಾನಾಗಿದ್ದರೆ ಬಾಯಾರಿಕೆ ತಡೆಯುತ್ತಿದ್ದೆನೋ ಏನೋ, ಆ ಮಾತನ್ನು ತಡೆಯುತ್ತಿರಲಿಲ್ಲ. ಮನೀಷನ ವಿಷಯ ಬರದಿದ್ದರೆ ನೀನು ಸಾಯುವವರೆಗೂ ಹೇಳುತ್ತಿರಲಿಲ್ಲ, ನನ್ನ ಕೈಯಲ್ಲಿ ಬೈಸಿಕೊಂಡೇ ಹೋಗುತ್ತಿದ್ದೆ. ಇದನ್ನು ಯೋಚಿಸುತ್ತಾ ಯೋಚಿಸುತ್ತಾ ಸಿಟ್ಟು ಇಳಿಯಿತು. ಅಳು ಇಳಿದಿಲ್ಲ.

ಮಳೆ ಜೋರಾಗಿದೆ, ಟ್ರೈನು ನೋಡಿಕೊಂಡು, ಡಯಾಲಿಸಿಸ್ ಇಲ್ಲದ ದಿನ ಒಮ್ಮೆ ಬಾ. ಮನೀಷ ಪನ್ವೇಲಿಗೆ ಬಂದು ಕರೆದುಕೊಂಡು ಬರುತ್ತಾನೆ. ಅವನಿಗೆ ನಿನ್ನ ಕೈ ತೋರಿಸು. ಸೆರಗು ತೆಗೆದು ತೋರಿಸು. ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ಬಾಗಿಲಿಗೆ ಬಂದ ನಿನ್ನ ಮುಂದೆ ಬೆಲ್ಲ ನೀರು ಇಡದೆ ಇರಲು ನನ್ನಿಂದ ಆಗುವುದಿಲ್ಲ. ಇಡುತ್ತೇನೆ. ನೀನು ಲೋಟದ ಅಂಚನ್ನು ಬೆರಳಲ್ಲಿ ಮುಟ್ಟು, ಸಾಕು. ಕಿಟಕಿಯ ತುಳಸಿಗೆ ಹಾಕಿಬಿಡುತ್ತೇನೆ. ಅವರ ದೊಡ್ಡ ಲೋಟವನ್ನು ತೊಳೆದು ಮೇಲೆ ಇಟ್ಟಿದ್ದೇನೆ, ಇನ್ನು ಅದು ಯಾರಿಗೂ ಇಲ್ಲ.

ನಿನ್ನ ಪಾಲಿನ ಬಾಟಲಿ ನೀನೇ ತಾ. ಅದು ಮುಗಿದ ಮೇಲೆ ಇನ್ನೊಂದು ಗುಟುಕು ಬೇಕು ಎಂದು ಅನಿಸಬಹುದು. ನನ್ನ ಮುಖ ನೋಡಿ ಕೇಳಬಹುದು. ನಗುತ್ತಾ ಕೇಳಿದರೂ, ಅಣ್ಣನ ಹೆಸರು ಹೇಳಿ ಕೇಳಿದರೂ, ಕಾಲು ಹಿಡಿದರೂ, ನಾನು ಕೊಡುವುದಿಲ್ಲ. ಈಗಲೇ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಅತ್ತಿಗೆ,
ರತ್ನಾವತಿ